ಮಹಡಿ ಹತ್ತಿದ ಕತ್ತರಿ

ಮೆಟ್ಟಿಲ ನಡುವೆಯೇ ದರ್ಜಿ ತನ್ನ ಹೆಂಡತಿಯನ್ನು ಮಾಲು ಸಮೇತ ಹಿಡಿದುಬಿಟ್ಟ. ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ಕತ್ತರಿಯ ತುದಿ ಸೊಂಟದ ಪಕ್ಕದಿಂದ ಇಣುಕುತ್ತಿತ್ತು. "ಓಹೋ! ನನ್ನ ಕತ್ತರಿಗೆ ಕಾಲು ಬಂದಿದ್ದು ಹೀಗೋ!"

ಕೆಳಗೆ ಅಂಗಡಿ, ಮೇಲೆ ಮನೆ. ಒಂದು ತಿಂಗಳಿಂದ ಆ ಕತ್ತರಿ ಒಮ್ಮೆ ಅಡುಗೆಮನೆಯಲ್ಲಿ, ಒಮ್ಮೆ ದಿಂಬಿನಡಿ, ನಿನ್ನೆಯಂತೂ ತಾರಸಿಯ ಮೇಲೆ ಸಿಕ್ಕಿತ್ತು. ಹುಡುಕಿಕೊಂಡು ಹತ್ತುವಾಗೆಲ್ಲ ದರ್ಜಿ ತನ್ನ ಮರೆವಿಗೆ ಶಾಪ ಹಾಕುತ್ತಿದ್ದ. ಇಷ್ಟು ಬೇಗ ಅರಳುಮರಳೇ ಎಂದು ಒಳಗೊಳಗೇ ಹೆದರಿಯೂ ಇದ್ದ.

"ಮತ್ತಿನ್ನೇನ್ ಮಾಡ್ಲಿ? ಡಾಕ್ಟ್ರು ದಿನಾ ನಡೀರಿ ಅಂದ್ರು, ನಾನೂ ಅಂದೆ. ಜಪ್ಪಯ್ಯ ಅಂದ್ರೂ ಮಿಷನ್ ಬಿಟ್ಟು ಏಳ್ಲಿಲ್ಲ ನೀವು. ಕತ್ತರಿ ಕಾಣ್ಲಿಲ್ಲ ಅಂದ್ರೆ ಮಾತ್ರ ಓಡಿ ಬರ್ತೀರಿ!"

ಬೈಯಲು ಬಾಯಿ ತೆರೆದವನಿಗೆ ನಗು ಬಂತು. ಸದ್ಯ, ತಲೆ ನೆಟ್ಟಗಿದೆ! ಹನ್ನೆರಡು ಮೆಟ್ಟಿಲು ಹತ್ತಿ ಬಂದಿದ್ದರೂ ಏದುಸಿರಿಲ್ಲ. ಆಮೇಲೆ ಬೆನ್ನ ಹಿಂದಿದ್ದ ಅವಳ ಕೈಗಳತ್ತ ಅವನ ಗಮನ ಹೋಯಿತು; ಒಂದೂ ಕಂಬಿಯ ಮೇಲಿರಲಿಲ್ಲ. ಮಂಡಿನೋವು ಎಂದು ವರ್ಷದಿಂದ ಕಂಬಿ ಹಿಡಿಯದೆ ಒಂದು ಮೆಟ್ಟಿಲೂ ಹತ್ತದವಳು ಇವಳು!

"ನನ್ನನ್ನ ಹತ್ತಿಸೋಕೆ ನೀನೆಷ್ಟು ಸಲ ಹತ್ತಿದ್ಯೇ?"

ಅವಳು ಕಂಬಿಯ ಕಡೆ ನೋಡಿದಳು. ತನ್ನ ಮಂಡಿಯ ಕಡೆ ನೋಡಿದಳು. ಅವಳಿಗೂ ನಗು ತಡೆಯಲಾಗಲಿಲ್ಲ.

ದರ್ಜಿ ಮೆಲ್ಲಗೆ ಕತ್ತರಿ ತೆಗೆದುಕೊಂಡು ತನ್ನ ಬೆನ್ನ ಹಿಂದೆ ಇಟ್ಟುಕೊಂಡ.

"ಕಣ್ಣು ಮುಚ್ಚಿ ಹತ್ತು ಎಣಿಸು," ಎಂದ. "ಇವತ್ತು ಹುಡುಕೋ ಸರದಿ ನಿಂದು."