ಮಂಜಿಯ ಕಂಬ

ಅಸ್ಕರ್ ಬಾಗಿಲು ದಾಟುವಷ್ಟರಲ್ಲಿ ಅಣ್ಣ ಹಕೀಮ್ ಮಂಜಿಯ ಒಂದು ಕಂಬದ ತುದಿಯನ್ನು ಗರಗಸದಿಂದ ಕೊಯ್ದಾಗಿತ್ತು. ಅಜ್ಜ ಸರಕು ಸಾಗಿಸುತ್ತಿದ್ದ ಹಾಯಿಹಡಗಿನ ಆ ಮಾದರಿಯನ್ನು ಅಸ್ಕರ್ ಎರಡು ವರ್ಷ ಕೂತು ಹಲಸಿನ ಮರದಲ್ಲಿ ಕೆತ್ತಿದ್ದ.

“ಕಾಕ, ಎಂತ ಮಾಡಿದ್ದು ನೀವು?” ಎಂದು ಅಸ್ಕರ್ ಅಣ್ಣನನ್ನು ಕೇಳಿದ.

“ಷೋಕೇಸಿಗೆ ಹಿಡಿಯುದಿಲ್ಲ ಮಾರಾಯ. ನಾಲ್ಕಿಂಚು ಹೋದರೆ ಎಂತ ಆಗ್ತದೆ? ಇದು ನೀರಿಗೆ ಇಳಿಯುವ ಹಡಗಾ?”

“ಅಜ್ಜಿ ಹೇಳಿದ ಅಳತೆ ಅದು. ಅಜ್ಜ ಹತ್ತಿ ನಿಂತು ದಡ ಹುಡುಕುತ್ತಿದ್ದ ಕಂಬ!”

“ಗೊಂಬೆ ಹಡಗಿಗೆ ಎಂತ ಅಜ್ಜ? ಇನ್ನೊಂದನ್ನು ನೀನೇ ಕೊಯ್ಯಿ” ಎಂದು ಹಕೀಮ್ ಗರಗಸವನ್ನು ಅವನ ಕಾಲಬುಡಕ್ಕೆ ಎಸೆದ.

ಅಸ್ಕರ್ ಅದನ್ನು ಎತ್ತಿಕೊಂಡ. ಸಾಗುವಾನಿಯ ಹೊಸ ಷೋಕೇಸಿನ ಬಾಗಿಲು ತೆರೆದು, ಮೇಲಿನ ಹಲಗೆಗೆ ಗರಗಸದ ಹಲ್ಲು ಊರಿ ಬಲವಾಗಿ ಎಳೆದ.