ಮೂರನೇ ಮಾತು

"ಕಣ್ಣು ಮುಚ್ಚಿಕೊಳ್ಳಿ. ನಿಮ್ಮ ಮಗ ಹಿಂದೆ ನಿಂತು ಮೂರು ಮಾತು ಹೇಳುತ್ತಾರೆ. ಒಂದೊಂದನ್ನೂ ಕೇಳಿಸಿದ ಹಾಗೇ ಗಟ್ಟಿಯಾಗಿ ಹೇಳಿ." ಕಿವಿ ಮೆಷಿನ್ ಅಂಗಡಿಯ ಹುಡುಗಿ ಇಷ್ಟನ್ನು ಸ್ಲೇಟಿನ ಮೇಲೆ ಬರೆದು ಟೀಚರಮ್ಮನ ಮುಂದೆ ಹಿಡಿದಳು. ಟೀಚರಮ್ಮ ಎರಡು ಸಲ ಓದಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪರೀಕ್ಷೆಗೆ ಕೂತ ಮಗುವಿನ ಹಾಗೆ ಕಣ್ಣು ಮುಚ್ಚಿದರು. ಮೂವತ್ತು ವರ್ಷ ಶಾಲೆಯಲ್ಲಿ ಉಕ್ತಲೇಖನ ಬರೆಸಿದವರು. ಕಿವಿ ಕೇಳಿಸದೆ ನಾಲ್ಕು ವರ್ಷವಾಗಿತ್ತು. ಹೊಸ ಕಿವಿ ಮೆಷಿನ್ ಅವರ ಎರಡೂ ಕಿವಿಯಲ್ಲಿ ಆಗಲೇ ಕೂತಿತ್ತು; ಅದನ್ನು ಕಂಪ್ಯೂಟರಿನಿಂದ ಚಾಲೂ ಮಾಡುವುದಷ್ಟೇ ಬಾಕಿ.

ಮಗ ಮೂರು ಹೆಜ್ಜೆ ಹಿಂದೆ, ಬಾಗಿಲ ಹತ್ತಿರ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು. ಮೊದಲ ಸಲ ಬಂದಾಗ ಅಮ್ಮನ ತಲೆಯ ಮೇಲಿಂದ ಹುಡುಗಿಯನ್ನು ನೋಡಿ, ನಗುತ್ತಲೇ "ಕಾಗೆ" ಅಂದಿದ್ದ. ಮೆಷಿನ್ ಸರಿಯಾಗಿ ಕೂರಲೆಂದು ಕಿವಿಯ ಅಚ್ಚು ತೆಗೆಯುವ ದಿನ, "ಎಷ್ಟು ತೊಳ್ಕೊಂಡ್ರೂ ಈ ಬಣ್ಣ ಹೋಗಲ್ಲ ಅಲ್ವಾ? ನಿಮ್ಮೂರಿಗೆ ಯಾವಾಗ ವಾಪಸ್ ಹೋಗ್ತೀರಿ?" ಅಂದಿದ್ದ. ಇವಳು ಹುಟ್ಟಿದ್ದೇ ಇದೇ ಅಂಗಡಿಯ ಹಿಂದಿನ ಬೀದಿಯ ಆಸ್ಪತ್ರೆಯಲ್ಲಿ. ಅವತ್ತು ಅವಳ ಮುಖ ಬಾಡಿದ್ದು ನೋಡಿ ಟೀಚರಮ್ಮ, "ಯಾಕಮ್ಮ, ಊಟ ಮಾಡಿಲ್ವಾ?" ಎಂದು ಚೀಲದಿಂದ ಬಾಳೆಹಣ್ಣು ತೆಗೆದುಕೊಟ್ಟಿದ್ದರು.

ಹುಡುಗಿ ಅಂಗಡಿ ಮಾಲೀಕರಿಗೆ ದೂರು ಹೇಳದೆ ಇರಲಿಲ್ಲ.

"ಆಗ ಕೋಣೇಲಿ ಮತ್ಯಾರಿದ್ರು?" ಎಂದು ಅವರು ಕೇಳಿದ್ದರು.

"ಟೀಚರಮ್ಮ ಇದ್ರು ಸರ್."

"ಕಿವಿ ಕೇಳ್ದೆ ಇರೋರನ್ನ ಸಾಕ್ಷಿಗೆ ಕರೀತೀಯಾ? ಅಷ್ಟು ಮರ್ಯಾದಸ್ಥರು ಅವರ ಮಗ. ಇನ್ನೊಂದ್ಸಲ ಗಿರಾಕಿ ಮೇಲೆ ಗೂಬೆ ಕೂರಿಸಿದ್ರೆ ಬೇರೆ ಕೆಲಸ ನೋಡ್ಕೋ."

ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಮೆಷಿನ್ ಚಾಲೂ ಮಾಡುವ ಮೊದಲು "ಶುರು ಮಾಡ್ತಿದ್ದೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಆಮೇಲೆ ಕೀಲಿ ಒತ್ತಬೇಕು. ಅದು ಕೆಲಸದ ಮೊದಲ ದಿನವೇ ಕಲಿಸುವ ಪಾಠ. ಆದರೆ ಕಂಪ್ಯೂಟರಿನ ಕಡೆ ತಿರುಗಿದಾಗ ಬೆನ್ನ ಮೇಲೆ ಅವನ ಕಣ್ಣು ನೆಟ್ಟಿದ್ದಕ್ಕೋ ಏನೋ, ಹುಡುಗಿ ಹೇಳುವುದನ್ನು ಮರೆತು ಕೀಲಿ ಒತ್ತಿಬಿಟ್ಟಳು. ಅಮ್ಮನಿಗೆ ಇನ್ನೂ ಕೇಳಿಸುವುದಿಲ್ಲ ಎಂದುಕೊಂಡ ಮಗ ಎಂದಿನ ಮೆದು ದನಿಯಲ್ಲೇ ಹೇಳಿದ.

"ಎಲ್ಲಿಂದಲೋ ಬಂದು ಮುತ್ಕೊಂಡಿರೋ ಕರಿ ಹುಳುಗಳು. ಇವಳ ಕೈಲಿ ಅಮ್ಮನ ಕಿವಿ ಮುಟ್ಟಿಸ್ಬೇಕಲ್ಲ, ಥೂ."

ಟೀಚರಮ್ಮನ ಮುಖ ಅರಳಿತು. ಕಣ್ಣು ಮುಚ್ಚಿಕೊಂಡೇ, ಹಿಂದಿನ ಬೆಂಚಿಗೂ ಕೇಳುವಂಥ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದರು. "ಎಲ್ಲಿಂದಲೋ ಬಂದು ಮುತ್ಕೊಂಡಿರೋ ಕರಿ ಹುಳುಗಳು. ಇವಳ ಕೈಲಿ ಅಮ್ಮನ ಕಿವಿ ಮುಟ್ಟಿಸ್ಬೇಕಲ್ಲ, ಥೂ." ಆ ಥೂ ಕೂಡ ಬಿಡಲಿಲ್ಲ, ಪುಣ್ಯಾತ್ಗಿತ್ತಿ. ಹೊರಗೆ ಅಂಗಡಿಯಲ್ಲಿ ನಡೆಯುತ್ತಿದ್ದ ಮಾತೆಲ್ಲ ನಿಂತುಹೋಯಿತು.

"ಪೂರ್ತಿ ಕೇಳಿಸ್ತು ಕಣಮ್ಮ," ಎಂದರು ಟೀಚರಮ್ಮ ಹಿಗ್ಗಿನಿಂದ. "ಸರಿಯಾಗಿ ಹೇಳ್ದೆನಾ?"

"ಸರಿಯಾಗೇ ಹೇಳಿದ್ರಿ ಟೀಚರ್," ಎಂದಳು ಹುಡುಗಿ. ಟೀಚರಮ್ಮ ಕಣ್ಣು ತೆರೆದು ಅವಳ ಮುಖ ನೋಡಿದರು, ಅವಳ ಕಪ್ಪು ಕೈ ನೋಡಿದರು. ಬಾಯಲ್ಲಿ ಆಡಿದ್ದು ಆಗ ತಲೆಗೆ ಹೋಯಿತು. ಅರಳಿದ್ದ ಮುಖ ಹಾಗೇ ಕಲ್ಲಾಯಿತು.

ಮಾಲೀಕರು ಓಡಿಬಂದು ಬಾಗಿಲಲ್ಲಿ ನಿಂತರು. "ಏನಿದು? ಯಾರು ಹಾಗಂದಿದ್ದು?"

ಹುಡುಗಿ ಬಾಯಿ ತೆರೆಯುವುದರೊಳಗೆ ಮಗ ಮಾಲೀಕರ ಕಿವಿಯ ಹತ್ತಿರ ಬಗ್ಗಿದ. ಅಮ್ಮನ ಬೆನ್ನ ಹಿಂದೆ ಏನು ಬೇಕಾದರೂ ಹೇಳಬಹುದು ಎಂಬ ನಾಲ್ಕು ವರ್ಷದ ಅಭ್ಯಾಸ. ಗಾಬರಿಯಲ್ಲಿ ಅದೇ ಕೈಹಿಡಿಯಿತು. "ತಪ್ಪು ತಿಳ್ಕೋಬೇಡಿ ಸರ್," ಎಂದು ಪಿಸುಗುಟ್ಟಿದ. "ಅಮ್ಮನಿಗೆ ಅರಳುಮರುಳು. ಬಾಯಿಗೆ ಬಂದಿದ್ದು ಬಡಬಡಿಸ್ತಾಳೆ."

ಹುಡುಗಿ ಈ ಮನುಷ್ಯನ ಬಾಯಿಂದ ಕೇಳುವುದನ್ನೆಲ್ಲ ಕೇಳಿಯಾಗಿದೆ ಎಂದುಕೊಂಡಿದ್ದಳು. ಹೆತ್ತವಳ ತಲೆಗೇ ಕಟ್ಟುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಟೀಚರಮ್ಮ ಮತ್ತೆ ಕಣ್ಣು ಮುಚ್ಚಿದರು. ಬೆನ್ನು ನೆಟ್ಟಗಾಯಿತು.

"ಅಮ್ಮನಿಗೆ ಅರಳುಮರುಳು. ಬಾಯಿಗೆ ಬಂದಿದ್ದು ಬಡಬಡಿಸ್ತಾಳೆ." ಈ ಸಲ ದನಿ ಸಣ್ಣಗಿತ್ತು, ಆದರೆ ಒಂದು ಪದವೂ ತಪ್ಪಲಿಲ್ಲ. "ಇದು ಎರಡನೇದು. ಬರ್ಕೊಂಡ್ಯಾ ಮಗು?"

ಹುಡುಗಿ ಮಾಲೀಕರ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು. ಅವಳು ಪರೀಕ್ಷೆಯ ಕಾಗದವನ್ನು ಹತ್ತಿರ ಎಳೆದುಕೊಂಡು ಮೊದಲನೇ ಮಾತನ್ನು ಬರೆದಳು, ಎರಡನೆಯದನ್ನೂ ಬರೆದಳು. 'ಹೇಳಿದವರು' ಎಂಬಲ್ಲಿ ಎರಡು ಸಲವೂ 'ಮಗ' ಎಂದು ತುಂಬಿದಳು.

ಟೀಚರಮ್ಮ ತಿರುಗುವ ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ಮಗನಿಗೆ ಎದುರಾದರು.

"ಇನ್ನೊಂದು ಬಾಕಿ ಇದೆ ಕಣೋ," ಎಂದರು. "ಹೇಳು. ನಂಗೆ ಕೇಳಿಸುತ್ತೆ."