ಒಂದೇ ಚಿಪ್ಪಿನ ನೀರು

ಬಟವಾಡಿಯ ನಮ್ಮ ಬೀದಿಯಲ್ಲಿ ಯಾರಾದರೂ ಹಸಿ ಮರಳು ಇಳಿಸಿದರೆ ನನಗೆ ಈಗಲೂ ದೊಡ್ಡಮ್ಮನ ಊರಿನ ಹೊಳೆಯ ವಾಸನೆ ಬರುತ್ತದೆ.

ಅದು ಕುಣಿಗಲ್ ಆಚೆ, ಬೆಟ್ಟಗಳ ಕೆಳಗೆ, ಶಿಂಷಾ ದಂಡೆಯ ಸದ್ದಿಲ್ಲದ ಊರು. ಯಾವುದೋ ಮದುವೆಯಲ್ಲಿ ಮಾತಿಗೆ ಮಾತು ಬೆಳೆದು ಅಮ್ಮ ತನ್ನ ಅಕ್ಕನ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು. ಆ ಬೇಸಿಗೆಯಲ್ಲಿ ಅದೇಕೋ ನನ್ನನ್ನು ಕರೆದುಕೊಂಡು ಹೊರಟಳು. ದೊಡ್ಡಮ್ಮ "ಬಾ" ಎಂದಳೇ ಹೊರತು ಅಮ್ಮನ ಮುಖ ನೋಡಲಿಲ್ಲ. ಬಿಂದಿಗೆ ಸೊಂಟಕ್ಕೇರಿಸಿ ಹೊಳೆಗೆ ನಡೆದಳು. ನಾವೂ ಹಿಂದೆ ಹೋದೆವು.

ಅಕ್ಕತಂಗಿಯರು ಮರಳಲ್ಲಿ ಎದುರುಬದುರು ಕೂತು ಕುಡಿಯುವ ನೀರಿಗೆ ಒರತೆ ತೋಡಿದರು. ಮೊದಲು ಬಂದ ಬಗ್ಗಡವನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಚೆಲ್ಲಿದರು. ನಾನು ಕೈ ಹಾಕಲು ಹೋದೆ.

"ಕಲಕಬ್ಯಾಡ ಕಣೇ, ತಿಳಿಯಾಗ್ಲಿ ಬುಡು," ಎಂದಳು ದೊಡ್ಡಮ್ಮ.

ತಿಳಿಯಾದ ಮೇಲೆ ಚಿಪ್ಪು ತುಂಬಿ ನನಗೆ ಕೊಟ್ಟಳು. "ಕಚ್ಚಿ ಕುಡೀಬ್ಯಾಡ, ಎತ್ತಿ ಕುಡಿ. ಎಂಜಲು ನಂಗಾಗಲ್ಲ." ಅರ್ಧ ನೀರು ನನ್ನ ಲಂಗದ ಮೇಲೇ ಸುರಿಯಿತು.

ಮತ್ತೆ ತುಂಬಿಸಿ ಅಮ್ಮನ ಕಡೆ ನೀಡಿದಳು. ಅಮ್ಮ ಮರೆತು ಕಚ್ಚಿಯೇ ಕುಡಿದಳು. ಉಳಿದದ್ದನ್ನು ದೊಡ್ಡಮ್ಮ ಇಸಿದುಕೊಂಡು ಗಟಗಟ ಕುಡಿದುಬಿಟ್ಟಳು.

"ದೊಡ್ಡಮ್ಮಾ, ಅದು ಎಂಜಲು!" ಎಂದು ಕೂಗಿದೆ.

ಅವಳು ಸೆರಗಿನಲ್ಲಿ ಬಾಯೊರೆಸಿಕೊಂಡಳು. "ಸುಮ್ಕಿರೇ. ನನ್ ತಂಗೀದು ಕಣೇ."